ಕೊನೆಯ ಪುಟದ ಸಾಲ

ಕಳೆದ ತಿಂಗಳು ರಜೆಗೆಂದು ಬೆಳಗಾವಿಗೆ ಬಂದಿದ್ದ ನನ್ನ ತಂಗಿಯ ಮಗಳು ಒಂದು ದಪ್ಪನೆಯ ಇಂಗ್ಲಿಷ್ ಪತ್ತೇದಾರಿ ಕಾದಂಬರಿಯನ್ನು ಹಿಡಿದು ಕುಳಿತಳು. ಊಟಕ್ಕೆ ಕರೆದರೆ "ಇನ್ನೊಂದ ಅಧ್ಯಾಯ, ಮಾಮಾ" ಎನ್ನುವಳು. ರಾತ್ರಿ ಎರಡು ಗಂಟೆಯವರೆಗೂ ಅವಳ ಕೋಣೆಯ ದೀಪ ಉರಿಯುತ್ತಿತ್ತು. ಬೆಳಿಗ್ಗೆ ಚಹಾದ ಹೊತ್ತಿಗೆ ಆ ಪುಸ್ತಕವನ್ನು ಮೇಜಿನ ಮೇಲೆ ಒಗೆದು, "ಮೋಸ ಮಾಮಾ! ನಾನೂರ ಪುಟ ಓಡಿಸಿ ಕಡೀಕ ಕೈ ಎತ್ತಿಬಿಟ್ಟಾನ" ಎಂದಳು. ನಾನು ನಕ್ಕೆ. ನಕ್ಕ ಮೇಲೆ, ಇದೇ ದೂರನ್ನು ಮೂವತ್ತೇಳು ವರ್ಷಗಳ ಹಿಂದೆ ಖಾನಾಪುರದ ಒಂದು ಹಂಚಿನ ಕೋಣೆಯಲ್ಲಿ ಬೇರೊಂದು ಎಳೆಯ ಕಂಠದಿಂದ ಕೇಳಿದ್ದು ನೆನಪಾಯಿತು. ಅಂದು ನಾನು ಆ ಕಂಠಕ್ಕೆ ಕೊಟ್ಟ ಉತ್ತರವೂ ನೆನಪಾಗಿ ಚಹಾ ರುಚಿಸಲಿಲ್ಲ. ಆ ಸಂಗತಿಯನ್ನು ಇಂದು ಬರೆಯುತ್ತಿದ್ದೇನೆ. ಆಗ ನನ್ನೆದುರು ಕುಳಿತಿದ್ದವರಲ್ಲಿ ಕೆಲವರಾದರೂ ಇದನ್ನು ಓದುತ್ತೀರಿ ಎಂಬ ಭರವಸೆ ನನಗಿದೆ.

ಮೊದಲು ಪತ್ತೇದಾರಿ ಕಾದಂಬರಿಯ ವಿಷಯ. ಅಧ್ಯಾಪಕನಾದವನು ಇಂಥ ಪುಸ್ತಕಗಳನ್ನು ಓದುತ್ತೇನೆಂದು ಹೇಳಿಕೊಳ್ಳುವುದು ನಮ್ಮ ಕಾಲದಲ್ಲಿ ಗೌರವದ ಮಾತಾಗಿರಲಿಲ್ಲ. ಆದರೆ ಕನ್ನಡದಲ್ಲಿ ನಾಲ್ಕಕ್ಷರ ಕಲಿತವರನ್ನು ಓದಿನ ಚಟಕ್ಕೆ ಹಚ್ಚಿದವರು ಪಂಡಿತರಿಗಿಂತ ಹೆಚ್ಚಾಗಿ ಈ ಲೇಖಕರೇ. ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮನನ್ನು ಅರಿಯದ ಮನೆ ನನ್ನ ಬಾಲ್ಯದಲ್ಲಿ ವಿರಳ. ಪ್ರತಿ ವರ್ಷ ನವೆಂಬರ್ ಒಂದರಂದು ಬೆಳಗಾವಿಯ ಬೀದಿಗಳಲ್ಲಿ ನಾವೆಲ್ಲ ಹಿಡಿದು ನಡೆಯುವ ಹಳದಿ-ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ ಎಂಬುದನ್ನು ಎಷ್ಟೋ ಜನ ಮರೆತಿದ್ದಾರೆ. ಟಿ.ಕೆ. ರಾಮರಾವ್ ಅವರ ಕಥೆಗಳಲ್ಲಿಯ ಕುತೂಹಲವಂತೂ ಓದುಗನನ್ನು ಕುರ್ಚಿಯಿಂದ ಏಳಗೊಡುತ್ತಿರಲಿಲ್ಲ. ನಮ್ಮ ಗಡಿನಾಡಿನಲ್ಲಿ ಇನ್ನೊಂದು ಸೌಭಾಗ್ಯವೂ ಇತ್ತು. ಸಾವಿರಕ್ಕೂ ಮಿಕ್ಕಿ ರಹಸ್ಯಕಥೆಗಳನ್ನು ಬರೆದ ಬಾಬುರಾವ್ ಅರ್ನಾಳಕರ್ ಅವರ ಮರಾಠಿ ಪುಸ್ತಕಗಳು ನಮ್ಮ ಓಣಿಗಳಲ್ಲಿ ಕೈಯಿಂದ ಕೈಗೆ ತಿರುಗುತ್ತಿದ್ದವು. ಝುಂಜಾರ್ ದೊಡ್ಡವನೋ ಪುರುಷೋತ್ತಮ ದೊಡ್ಡವನೋ ಎಂದು ಮರಾಠಿ ಮನೆಮಾತಿನ ಗೆಳೆಯರೊಡನೆ ನಾನು ಎಷ್ಟು ಸಂಜೆಗಳನ್ನು ಕಳೆದಿದ್ದೇನೋ ಲೆಕ್ಕವಿಲ್ಲ.

ಇಷ್ಟು ಓದಿದ್ದರಿಂದ ನನಗೊಂದು ಸಿದ್ಧಾಂತ ಹುಟ್ಟಿತ್ತು. ಕುತೂಹಲವೆಂಬುದು ಲೇಖಕನು ಓದುಗನಿಂದ ತೆಗೆದುಕೊಳ್ಳುವ ಸಾಲ. ಬಾಗಿಲು ಒಳಗಿನಿಂದ ಅಗಳಿ ಹಾಕಿದೆ, ಒಳಗೆ ಹೆಣ ಬಿದ್ದಿದೆ ಎಂದು ಬರೆದಾಗ ಅವನು ಒಂದು ಕೈಗಡ ಪಡೆದ. ಮಾಲಿ ಸುಳ್ಳು ಹೇಳುತ್ತಿದ್ದಾನೆ ಎಂದು ಸೂಚಿಸಿದಾಗ ಇನ್ನೊಂದು. ಹೀಗೆ ಅಧ್ಯಾಯಕ್ಕೊಂದು ಸಾಲ ಮಾಡುತ್ತ ಹೋಗುವುದು ಸುಲಭ, ತೀರಿಸುವುದು ಕಷ್ಟ. ಎಷ್ಟೋ ಲೇಖಕರು ಬರೆಯಲು ಕೂತಾಗ ಕೊಲೆಗಾರ ಯಾರೆಂಬುದು ಅವರಿಗೇ ಗೊತ್ತಿರುವುದಿಲ್ಲ. ಪುಟಗಳು ಮುಗಿಯುತ್ತ ಬಂದಾಗ ಎಲ್ಲಿಂದಲೋ ಒಬ್ಬ ಅವಳಿ ತಮ್ಮನನ್ನು ತಂದು ನಿಲ್ಲಿಸುತ್ತಾರೆ, ಅಥವಾ ಕಾರು ಕಂದಕಕ್ಕೆ ಬಿದ್ದು ಖಳನಾಯಕ ಸಾಯುವಾಗ ಎಲ್ಲವನ್ನೂ ಬಾಯಿಬಿಡುತ್ತಾನೆ. ನಮ್ಮ ಬಜಾರದ ಭಾಷೆಯಲ್ಲಿ ಹೇಳುವುದಾದರೆ ಅದು ದಿವಾಳಿ ತೆಗೆಯುವುದು.

ಸಾಲ ತೀರಿಸದೆ ಹೋದವರು ಹೊರನಾಡಿನಲ್ಲೂ ಇದ್ದಾರೆ. ಚಾರ್ಲ್ಸ್ ಡಿಕನ್ಸ್ ತನ್ನ ಕೊನೆಯ ಕಾದಂಬರಿಯನ್ನು, ಎಡ್ವಿನ್ ಡ್ರೂಡ್ ಎಂಬ ತರುಣ ಕಣ್ಮರೆಯಾದ ಕಥೆಯನ್ನು, ಹನ್ನೆರಡು ಕಂತುಗಳಿಗೆ ಯೋಜಿಸಿ, ಆರು ಕಂತು ಬರೆಯುವಷ್ಟರಲ್ಲಿ 1870ರ ಜೂನ್‌ನಲ್ಲಿ ತೀರಿಕೊಂಡ. ಡ್ರೂಡ್‌ಗೆ ಏನಾಯಿತೆಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೆ ಅದಕ್ಕಾಗಿ ಯಾರೂ ಅವನನ್ನು ಬೈಯುವುದಿಲ್ಲ, ಸಾವು ಎಲ್ಲ ಸಾಲವನ್ನೂ ಮನ್ನಾ ಮಾಡುತ್ತದೆ. ಬದುಕಿರುವಾಗಲೇ ಕೈಯೆತ್ತಿದವನು ಕಾನನ್ ಡಾಯ್ಲ್. 1893ರಲ್ಲಿ ಅವನು ಶೆರ್ಲಾಕ್ ಹೋಮ್ಸ್‌ನನ್ನು ಜಲಪಾತಕ್ಕೆ ನೂಕಿ ಕಥೆ ಮುಗಿಸಿದಾಗ ಓದುಗರು ಸಿಟ್ಟಿಗೆದ್ದರು. ಹತ್ತು ವರ್ಷಗಳ ಬಳಿಕ, 1903ರಲ್ಲಿ, ಹೋಮ್ಸ್‌ನನ್ನು ಮತ್ತೆ ಬದುಕಿಸಿ ಆ ಬಾಕಿಯನ್ನು ತೀರಿಸಬೇಕಾಯಿತು.

ಇನ್ನು ಖಾನಾಪುರಕ್ಕೆ ಬರುತ್ತೇನೆ. ಬಿ.ಇಡಿ. ಮುಗಿಸಿ ಎರಡು ವರ್ಷ ಅಲ್ಲಿ ಇಲ್ಲಿ ಅಲೆದು, 1985ರಲ್ಲಿ ನಾನು ಅಲ್ಲಿಯ ಒಂದು ಪ್ರೌಢಶಾಲೆಗೆ ಕನ್ನಡ ಅಧ್ಯಾಪಕನಾಗಿ ಸೇರಿದೆ. ಬೆಳಗಾವಿಯಿಂದ ಸುಮಾರು 26 ಕಿಲೋಮೀಟರ್ ದೂರವಷ್ಟೇ. ಆದರೂ ಆಗ ಮಳೆಗಾಲದಲ್ಲಿ ಅದು ಬೇರೆಯೇ ದೇಶ. ಮಲಪ್ರಭೆ ಹುಟ್ಟುವ ಕಣಕುಂಬಿ ಅದೇ ತಾಲೂಕಿನಲ್ಲಿದೆ. ಜಾಂಬೋಟಿ-ಕಣಕುಂಬಿಯ ಕಡೆ ಮಳೆ ಹಿಡಿಯಿತೆಂದರೆ ಮರುದಿನ ಊರಿನ ಹೊಳೆಯ ಬಣ್ಣವೇ ಬದಲಾಗುತ್ತಿತ್ತು. ಖಾನಾಪುರದ ಮಣ್ಣು ಮಡಕೆಗೆ, ಹಂಚಿಗೆ ಹೆಸರಾದದ್ದು. ನಮ್ಮ ಶಾಲೆಯ ಮಾಡಿಗೂ ಹಂಚೇ. ಜೋರು ಮಳೆಯಲ್ಲಿ ಪಾಠ ಹೇಳುವುದೆಂದರೆ ಕೂಗುವುದೇ ಆಗಿತ್ತು.

ನನ್ನ ಸಹೋದ್ಯೋಗಿಗಳಲ್ಲಿ ಅನೇಕರು ಬೆಳಗಾವಿಯಿಂದ ನಿತ್ಯ ಬಸ್ಸಿನಲ್ಲೋ ಮೀಟರ್ ಗೇಜ್ ರೈಲಿನಲ್ಲೋ ಬಂದುಹೋಗುವವರು. ಮಳೆ ಹೆಚ್ಚಾದ ದಿನ ಅವರು ತಲುಪುತ್ತಿರಲಿಲ್ಲ. ಊರಲ್ಲೇ ಕೋಣೆ ಹಿಡಿದಿದ್ದ ನನ್ನಂಥವನು ಹತ್ತನೆಯ ಇಯತ್ತೆಯ ಎರಡೂ ತುಕಡಿಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಿ ಸಂಭಾಳಿಸಬೇಕಾಗುತ್ತಿತ್ತು. ಒದ್ದೆ ಅಂಗಿಯ, ಒದ್ದೆ ಕೊಡೆಯ ವಾಸನೆಯ ನಡುವೆ ತೊಂಬತ್ತರಷ್ಟು ಹುಡುಗ ಹುಡುಗಿಯರು. ವ್ಯಾಕರಣ ನಡೆಯುವ ಮಾತೇ ಅಲ್ಲ. 1988ರ ಮಳೆಗಾಲದಲ್ಲಿ ಅಂಥ ದಿನಗಳಿಗೆಂದು ನಾನು ಒಂದು ಕಾದಂಬರಿಯನ್ನು ಆರಿಸಿಕೊಂಡೆ. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ'.

ಆ ಪುಸ್ತಕ ಪ್ರಕಟವಾದದ್ದು 1985ರಲ್ಲಿ. 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂದಿತ್ತು. ಪ್ರಶಸ್ತಿ ಪಡೆದ ಕೃತಿಯಾದ್ದರಿಂದ ಮುಖ್ಯೋಪಾಧ್ಯಾಯರು ಆಕ್ಷೇಪಿಸಲಾರರು, ಪತ್ತೇದಾರಿಯ ಗುಣವಿರುವುದರಿಂದ ಮಕ್ಕಳು ಗದ್ದಲ ಮಾಡಲಾರರು, ಇದು ನನ್ನ ಲೆಕ್ಕಾಚಾರ. ಓದದವರಿಗಾಗಿ ಎರಡು ಮಾತು. ಮಲೆನಾಡಿನ ಕೆಸರೂರು ಎಂಬ ಊರು. ಏಲಕ್ಕಿಯ ಬೆಳೆ ಕುಸಿಯುತ್ತಿದೆ. ಏಲಕ್ಕಿ ಸಂಶೋಧನೆಯಲ್ಲಿ ತೊಡಗಿದ್ದ ಜೋಗಿಹಾಳ್ ಎಂಬ ವಿಜ್ಞಾನಿ ನಿಗೂಢವಾಗಿ ಸತ್ತಿದ್ದಾರೆ. ತನಿಖೆಗೆಂದು ಗುಪ್ತಚರ ಇಲಾಖೆಯ ಅಂಗಡಿ ಎಂಬ ಅಧಿಕಾರಿ ಬರುತ್ತಾನೆ. ಅವನು ಒಂದು ಎಳೆಯನ್ನು ಎಳೆದರೆ ಹತ್ತು ಎಳೆಗಳು ಸಿಕ್ಕುಸಿಕ್ಕಾಗಿ ಬರುತ್ತವೆ. ಕಳ್ಳ ನಾಟಾ, ಜಾತಿ, ಧರ್ಮದ ಕಿಚ್ಚು, ಊರಿನ ಗೌಡರು, ಕ್ರಾಂತಿಯ ಮಾತಾಡುವ ಹುಡುಗರು, ರಫಿ ಮತ್ತು ಜಯಂತಿಯರ ಪ್ರೇಮ. ನಾನು ಪುಸ್ತಕವನ್ನು ಹಿಡಿದು ಅಕ್ಷರಶಃ ಓದಲಿಲ್ಲ. ಕೆಲವು ಕಡೆ ಓದಿ, ಕೆಲವು ಕಡೆ ಹಾರಿಸಿ, ನನ್ನ ಮಾತಿನಲ್ಲೇ ಹೇಳುತ್ತ ಹೋದೆ. ಅಂಗಡಿ ಎಂಬ ಅಡ್ಡಹೆಸರು ನಮ್ಮ ಜಿಲ್ಲೆಯಲ್ಲಿ ಸಾಮಾನ್ಯವಾದ್ದರಿಂದ ಮೊದಲ ದಿನವೇ ಮಕ್ಕಳಿಗೆ ಅವನು ತಮ್ಮವನಾಗಿಬಿಟ್ಟ.

ಆ ಮಳೆಗಾಲದಲ್ಲಿ ಅಂಥ ಒಂಬತ್ತು ದಿನಗಳು ದೊರೆತವು. ಮಳೆ ಬರಲಿ ಎಂದು ಮಕ್ಕಳು ಹರಕೆ ಹೊತ್ತರೆಂದು ಕೇಳಿದೆ. ಎರಡನೆಯ ಸಾಲಿನಲ್ಲಿ, ಕಿಟಕಿಯ ಪಕ್ಕ ಒಬ್ಬ ಹುಡುಗ ಕೂಡುತ್ತಿದ್ದ. ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ತರಗತಿಯವರಿಗೆ ಬರೆಯುವ ಅಗತ್ಯವೂ ಇಲ್ಲ. ಉಳಿದವರು ಕಥೆಯ ಮುಂದಿನ ಭಾಗವನ್ನು ಕೇಳುತ್ತಿದ್ದರೆ ಅವನು ಹಿಂದಿನದನ್ನೇ ಕೇಳುತ್ತಿದ್ದ. "ಸರ್, ಜೋಗಿಹಾಳ್ ಅವ್ರು ಸತ್ತದ್ದ ಯಾವ ದಿನಾರೀ? ಅವ್ರನ್ನ ಕಡೀಕ ನೋಡಿದಾವ್ರು ಯಾರ್ರೀ? ಅವ್ರ ಮನಿಯಾವ್ರಿಗೆ ಯಾರ ಹೇಳಿದ್ರೀ?" ಪತ್ತೇದಾರಿ ಬುದ್ಧಿಯ ಹುಡುಗ, ಮುಂದೆ ಪೊಲೀಸ್ ಇಲಾಖೆಗೆ ಹೋದಾನು ಎಂದು ನಾನು ಶಿಕ್ಷಕರ ಕೋಣೆಯಲ್ಲಿ ಹೇಳಿ ನಕ್ಕಿದ್ದೂ ಉಂಟು.

ಒಂಬತ್ತನೆಯ ದಿನ ಕಥೆ ಮುಗಿಯಿತು. ಓದಿದವರಿಗೆ ಗೊತ್ತು, ಕೊನೆಯಲ್ಲಿ ಕೆಸರೂರು ಬೆಂಕಿಯ ಬಾಯಿಗೆ ಬೀಳುತ್ತದೆ. ಇಷ್ಟೊತ್ತು ನಾವು ಹಿಂಬಾಲಿಸಿದ ಸಂಶಯಗಳು, ಸಾಕ್ಷಿಗಳು, ಒಳಸಂಚುಗಳೆಲ್ಲ ಆ ಬೆಂಕಿಯೆದುರು ಕ್ಷುಲ್ಲಕವಾಗಿಬಿಡುತ್ತವೆ. ಪತ್ತೇದಾರಿ ಕಾದಂಬರಿಯ ಓದುಗ ಎದುರು ನೋಡುವ ತೀರ್ಪು, ಇವನೇ ಅಪರಾಧಿ, ಹೀಗೆಯೇ ನಡೆಯಿತು ಎಂಬ ಮಾತು, ದೊರೆಯುವುದಿಲ್ಲ. ನಾನು ಪುಸ್ತಕ ಮುಚ್ಚಿದೆ. ಹಂಚಿನ ಮೇಲೆ ಮಳೆಯ ಸದ್ದೊಂದೇ. ಕಿಟಕಿಯ ಪಕ್ಕದ ಹುಡುಗ ಎದ್ದು ನಿಂತ.

"ಹಂಗಾದ್ರ ಜೋಗಿಹಾಳ್ ಅವ್ರನ್ನ ಕೊಂದಾವ್ರು ಯಾರ್ರೀ, ಸರ್?"

"ಅದು ಮುಖ್ಯವಲ್ಲಪ್ಪ" ಎಂದೆ ನಾನು. ಆಮೇಲೆ ಒಂದು ಭಾಷಣವನ್ನೇ ಮಾಡಿದೆ. ಚಿದಂಬರದ ದೇವಾಲಯದಲ್ಲಿ ನಟರಾಜನ ಬದಿಗೆ ಒಂದು ಪರದೆ ಇದೆ, ಅದನ್ನು ಸರಿಸಿದರೆ ಒಳಗೆ ವಿಗ್ರಹವಿಲ್ಲ, ಬರಿಯ ಅವಕಾಶ, ಅದರಲ್ಲಿ ತೂಗುವ ಚಿನ್ನದ ಬಿಲ್ವಪತ್ರೆಯ ಸರಗಳು, ಆ ಶೂನ್ಯವೇ ಆಕಾಶರೂಪಿಯಾದ ಶಿವ, ಚಿದಂಬರ ರಹಸ್ಯವೆಂಬ ಮಾತು ಅಲ್ಲಿಂದ ಬಂದದ್ದು ಎಂದು ವಿವರಿಸಿದೆ. ಪರದೆಯ ಹಿಂದೆ ಏನೂ ಇಲ್ಲವೆಂದು ಲೇಖಕರು ಹೆಸರಿನಲ್ಲೇ ಎಚ್ಚರಿಸಿದ್ದಾರೆ, ಬದುಕಿನಲ್ಲಿ ಎಲ್ಲ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ, ಊರೇ ಉರಿಯುವಾಗ ಒಬ್ಬನ ಸಾವಿನ ಪ್ರಶ್ನೆ ಸಣ್ಣದು ಎಂದೆ. ನನಗೆ ಆಗ 28 ವರ್ಷ. ನನ್ನ ಮಾತು ನನಗೇ ಬಹಳ ಚೆನ್ನಾಗಿ ಕೇಳಿಸಿತು.

ಹುಡುಗ ಇನ್ನೂ ನಿಂತೇ ಇದ್ದ. "ಮತ್ತ ಒಂಬತ್ತ ದಿನಾ ಯಾಕ ಹೇಳಿದ್ರಿ?" ಎಂದ. ಅದರಲ್ಲಿ ಉದ್ಧಟತನವಿರಲಿಲ್ಲ. ತರಗತಿ ನಕ್ಕಿತು, ನಾನೂ ನಕ್ಕೆ, ಅವನು ಕುಳಿತ.

ಸತ್ಯ ಹೇಳಬೇಕೆಂದರೆ ನನಗೂ ಆ ಮುಕ್ತಾಯ ಮೊದಲ ಓದಿನಲ್ಲಿ ನಿರಾಸೆ ತಂದಿತ್ತು. ಅಧ್ಯಾಪಕನಾಗಿ ಅದನ್ನು ಒಪ್ಪಿಕೊಳ್ಳುವ ಧೈರ್ಯವಾಗಿರಲಿಲ್ಲ ಅಷ್ಟೇ. ಬದಲಿಗೆ ಜಾಣತನದ ಒಂದು ದಾರಿ ಹುಡುಕಿದೆ. ಎಲ್ಲರೂ ಈ ಕಾದಂಬರಿಗೆ ತಮಗೆ ತೋಚಿದ ಮುಕ್ತಾಯವನ್ನು ಎರಡು ಪುಟಗಳಲ್ಲಿ ಬರೆದು ತರಬೇಕು, ಹತ್ತು ಅಂಕ ಎಂದು ಮನೆಗೆಲಸ ಕೊಟ್ಟೆ.

ನಿಮ್ಮಲ್ಲಿ ಹಲವರು ಬರೆದದ್ದು ನನಗೆ ಇನ್ನೂ ನೆನಪಿದೆ. ಒಬ್ಬಳು ಅಂಗಡಿಯೇ ಕೊಲೆಗಾರನೆಂದು ಬರೆದಿದ್ದಳು. ಅಗಾಥಾ ಕ್ರಿಸ್ಟಿಯ ಹೆಸರನ್ನೂ ಕೇಳದ ಹುಡುಗಿಗೆ ಅಂಥ ಕಲ್ಪನೆ ಹೊಳೆದದ್ದಕ್ಕೆ ಎಂಟು ಅಂಕ ಕೊಟ್ಟೆ. ಇನ್ನೊಬ್ಬ, ಅರ್ನಾಳಕರರ ಕಾಳಾಪಹಾಡ್‌ನನ್ನೇ ಕೆಸರೂರಿಗೆ ಕರೆತಂದಿದ್ದ! ಕಿಟಕಿಯ ಪಕ್ಕದ ಹುಡುಗ ಬರೆದದ್ದು ಒಂದೂವರೆ ಪುಟ. ಅದರ ಸಾರ ಹೀಗಿತ್ತು. ಬೆಂಕಿ ಬೀಳುವುದಕ್ಕೆ ಹಿಂದಿನ ದಿನ ಜೋಗಿಹಾಳರ ಮಗ ಕೊಡೆ ಹಿಡಿದು ಬಸ್ಸಿನಿಂದ ಕೆಸರೂರಿನಲ್ಲಿ ಇಳಿಯುತ್ತಾನೆ. ಮನೆಮನೆಗೆ ಹೋಗುತ್ತಾನೆ. ಯಾರು ಕೊಂದರೆಂದು ಕೇಳುವುದಿಲ್ಲ. ನಮ್ಮ ಅಪ್ಪನನ್ನು ಕೊನೆಗೆ ಯಾವಾಗ ನೋಡಿದಿರಿ, ಆಗ ಅವರು ಊಟ ಮಾಡಿದ್ದರೇ ಎಂದು ಕೇಳುತ್ತಾನೆ. ಯಾರಿಗೂ ಗೊತ್ತಿಲ್ಲ. ಕೊನೆಗೆ ಚಹಾದ ಅಂಗಡಿಯ ಮುದುಕ, ನಾನು ನೋಡಿದ್ದೆ, ಹೆದರಿ ಸುಮ್ಮನಿದ್ದೆ ಎನ್ನುತ್ತಾನೆ. ಮುದುಕ ನೋಡಿದ್ದು ಏನೆಂದು ಹುಡುಗ ಬರೆದಿರಲಿಲ್ಲ. ಅವನ ಕೊನೆಯ ವಾಕ್ಯ ಮಾತ್ರ ನನಗೆ ಬಾಯಿಪಾಠವಾಗಿದೆ: "ಆಗ ಮಗನು ಊಟ ಮಾಡಿದನು."

ನಾನು ಕೆಂಪು ಶಾಯಿಯಲ್ಲಿ ಬರೆದೆ: "ಕೊನೆಯಲ್ಲಿ ಹೊಸ ಪಾತ್ರ ಬರಬಾರದು. ಕೊಲೆಗಾರನ ಹೆಸರಿಲ್ಲ. ಅಪೂರ್ಣ." ಕೊಟ್ಟ ಅಂಕ ನಾಲ್ಕು.

ನನ್ನ ನಿಯಮವೇನೋ ಸರಿಯಾದದ್ದೇ. ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆಗಳನ್ನು ಬರೆದಿದ್ದಾರೆಂದು, ಅಪರಾಧಿಯು ಕಥೆಯ ಆರಂಭದ ಭಾಗದಲ್ಲೇ ಬಂದಿರಬೇಕೆಂಬುದು ಅವುಗಳಲ್ಲಿ ಮೊದಲನೆಯದೆಂದು ಬಹಳ ವರ್ಷಗಳ ಮೇಲೆ ಓದಿದಾಗ ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಸಂಕಟವೇ ಆಯಿತು. ಏಕೆಂದರೆ ಅಷ್ಟರಲ್ಲಿ ಆ ಒಂದೂವರೆ ಪುಟ ಏನೆಂಬುದು ನನಗೆ ತಿಳಿದಿತ್ತು.

ತಿಳಿದದ್ದು ಅದೇ ವರ್ಷ ದಸರೆಯ ರಜೆಯ ಬಳಿಕ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಅರ್ಜಿ ತುಂಬುವ ಕೆಲಸ ನನ್ನ ಪಾಲಿಗೆ ಬಂದಿತ್ತು. ತಂದೆ ಅಥವಾ ಪಾಲಕರ ಸಹಿಯಿಲ್ಲದ ಅರ್ಜಿಗಳನ್ನು ಹಿಂದಿರುಗಿಸಿದೆ. ಮರುದಿನ ಆ ಹುಡುಗನ ತಾಯಿ ಬಂದರು. ತಲೆಯ ಮೇಲೆ ಸೆರಗು, ಕೈಯಲ್ಲಿ ಮಡಿಸಿದ ಅರ್ಜಿ.

"ಮಾಸ್ತರ್ರ, ಇಲ್ಲಿ ನನ್ನ ಹೆಬ್ಬಟ್ಟ ಆದ್ರ ನಡೀತೈತೇನ್ರಿ? ಇವ್ರಪ್ಪ ಇಲ್ರಿ."

ಹಿಂದಿನ ವರ್ಷದ ಮಳೆಗಾಲದಲ್ಲಿ ಆತ ಲೋಂಡಾದ ಕಡೆ ಲಾರಿಗೆ ಮರ ಹೇರುವ ಹಮಾಲಿ ಕೆಲಸಕ್ಕೆಂದು ಹೋಗಿದ್ದರಂತೆ. ಎರಡು ದಿನದ ಮೇಲೆ ಒಂದು ಹಳ್ಳದ ದಂಡೆಯಲ್ಲಿ ಹೆಣ ಸಿಕ್ಕಿತು. ಕಾಲು ಜಾರಿತೆಂದರು ಕೆಲವರು. ಕುಡಿದಿದ್ದನೆಂದರು ಇನ್ನು ಕೆಲವರು, ಆದರೆ ಆತ ಕುಡಿಯುವವರೇ ಅಲ್ಲ. ಕೂಲಿಯ ಹಣದ ಮೇಲೆ ಜಗಳವಾಗಿತ್ತೆಂದು ಯಾರೋ ಅಂದರು, ಅಂದವರು ಮರುದಿನ ಅನ್ನಲಿಲ್ಲ. ಕಾಗದಗಳಲ್ಲಿ ಅದು ಅಪಘಾತವೆಂದು ಮುಗಿಯಿತು. ಅರ್ಜಿಯ ಮೇಲೆ ಹೆಬ್ಬೆಟ್ಟು ಒತ್ತುತ್ತ ಆ ತಾಯಿ, "ಅಂವಗ ಸ್ವಲ್ಪ ಹೇಳ್ರಿ ಮಾಸ್ತರ್ರ. ಮಳಿ ಸುರು ಆತಂದ್ರ ಉಣ್ಣೂದ ಬಿಡ್ತಾನ. ಅವ್ರಪ್ಪ ಅವತ್ತ ಬುತ್ತಿ ಬಿಟ್ಟ ಹೋಗಿದ್ರು, ಅದ ಅವನ ತಲ್ಯಾಗ ಕುಂತೈತಿ" ಎಂದರು.

ನಾನು ಏನೂ ಹೇಳಲಿಲ್ಲ. ಆ ತಾಯಿಗೂ ಹೇಳಲಿಲ್ಲ, ಹುಡುಗನಿಗೂ ಹೇಳಲಿಲ್ಲ. ನೋಟುಬುಕ್ಕನ್ನು ಮರಳಿ ತರಿಸಿ ಅಂಕ ತಿದ್ದಬೇಕೆಂದುಕೊಂಡೆ. ತಿದ್ದಿದರೆ ಅವನ ಕಥೆಗಾಗಿ ತಿದ್ದಿದಂತಾಗದು, ಅವನ ದುಃಖಕ್ಕೆ ಅಂಕ ಕೊಟ್ಟಂತಾದೀತೆಂದು ನನಗೆ ನಾನೇ ಕಾರಣ ಕೊಟ್ಟುಕೊಂಡೆ. ಕಾರಣ ಚೆನ್ನಾಗಿಯೇ ಇತ್ತು. ಆದರೆ ಅದರ ಹಿಂದಿದ್ದದ್ದು ಅಂಜಿಕೆ. ಅವನ ಕಥೆಯ ಚಹಾದ ಅಂಗಡಿಯ ಮುದುಕ ನಾನೇ ಆಗಿದ್ದೆ, ನೋಡಿಯೂ ಸುಮ್ಮನಿದ್ದವನು. ಮಾರ್ಚ್‌ನಲ್ಲಿ ಪರೀಕ್ಷೆ ಮುಗಿಯಿತು, ಹುಡುಗ ಪಾಸಾದ, ಊರು ಬಿಟ್ಟು ಹೋದ.

ಆ ಬಳಿಕ 'ಚಿದಂಬರ ರಹಸ್ಯ'ವನ್ನು ನಾನು ಐದಾರು ಸಲ ಓದಿದ್ದೇನೆ. ಅದು ದೊಡ್ಡ ಕೃತಿಯೆಂಬುದರಲ್ಲಿ ನನಗೆ ಸಂದೇಹವಿಲ್ಲ. ತಾವು ಬೆಂಕಿಯ ಮೇಲೆ ಕುಳಿತಿರುವುದನ್ನು ಅರಿಯದೆ ಸಣ್ಣಪುಟ್ಟ ಸಂಚುಗಳಲ್ಲಿ ಮುಳುಗಿದ ಊರನ್ನು ತೋರಿಸಬೇಕೆಂಬುದು ತೇಜಸ್ವಿಯವರ ಉದ್ದೇಶವೆಂಬುದೂ ಸ್ಪಷ್ಟ. ಪತ್ತೇದಾರಿಯ ವೇಷ ತೊಡಿಸಿ ನಮ್ಮನ್ನು ಒಳಗೆ ಕರೆದು, ಒಳಗೆ ಬೇರೆಯದನ್ನೇ ತೋರಿಸುತ್ತಾರೆ. ಆದರೂ ಪ್ರತಿ ಸಲ ಕೊನೆಯ ಪುಟಗಳಲ್ಲಿ ನನ್ನ ಮನಸ್ಸು ಅದೇ ಜಾಗದಲ್ಲಿ ಎಡವುತ್ತದೆ. ಅಪರಾಧಿಯ ಹೆಸರು ಸಿಗಲಿಲ್ಲವೆಂಬುದು ನನ್ನ ದೂರಲ್ಲ. ಬೆಂಕಿ ಎಲ್ಲವನ್ನೂ ನುಂಗಿದಾಗ, ಜೋಗಿಹಾಳರಿಗೆ ಏನಾಯಿತೆಂದು ಕೇಳುವ ಹಕ್ಕುಳ್ಳವರು ಯಾರೂ ಅಲ್ಲಿ ಉಳಿಯುವುದಿಲ್ಲ ಎಂಬುದೇ ನನಗೆ ನೋವು. ಒಂದು ಸಾವಿನಿಂದ ಕುತೂಹಲವನ್ನು ಕಡ ತಂದ ಕಥೆ, ಕೊನೆಗೊಮ್ಮೆ ಆ ಸಾವಿನ ಕಡೆ ತಿರುಗಿ ನೋಡಬೇಕಿತ್ತು.

ಉತ್ತರವಿಲ್ಲದೆಯೂ ಸಾಲ ತೀರಿಸಬಹುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1980ರ 'ಕರ್ವಾಲೊ' ಇದೇ ಲೇಖಕರದು. ಹಾರುವ ಓತಿಯನ್ನು ಹುಡುಕುತ್ತ ವಿಜ್ಞಾನಿ ಕರ್ವಾಲೊ, ಮಂದಣ್ಣ, ಕರಿಯಪ್ಪ ಮೊದಲಾದವರೆಲ್ಲ ಕಾಡು ಹೊಕ್ಕು ಅಲೆಯುತ್ತಾರೆ. ಕೊನೆಗೆ ಓತಿ ಕೈಗೆ ಸಿಗುವುದಿಲ್ಲ, ಕಣಿವೆಯ ಆಳಕ್ಕೆ ತೇಲಿ ಹೋಗಿಬಿಡುತ್ತದೆ. ಆದರೂ ಆ ಪುಸ್ತಕವನ್ನು ಮುಚ್ಚಿ ಯಾರೂ ಮೋಸವೆಂದು ಒಗೆದದ್ದನ್ನು ನಾನು ಕಾಣೆ. ಏಕೆಂದರೆ ನಾವು ಅದನ್ನು ಕಂಡೆವು. ಹುಡುಕಿದವರೆಲ್ಲ ಅಂಚಿನಲ್ಲಿ ನಿಂತು ಒಟ್ಟಿಗೆ ಕಂಡರು. ಕಿಟಕಿಯ ಪಕ್ಕದ ಹುಡುಗನಿಗೆ ಬೇಕಾಗಿದ್ದುದೂ ಅಷ್ಟೇ. ಅವನ ಕಥೆಯಲ್ಲಿಯೂ ಕೊಲೆಗಾರನ ಹೆಸರಿರಲಿಲ್ಲ. ನಾನು ಕಂಡೆ ಎನ್ನುವ ಒಬ್ಬ ಮನುಷ್ಯನಿದ್ದ. ಅದನ್ನು ನಾನು ಅಪೂರ್ಣವೆಂದು ಕರೆದಿದ್ದೆ.

2019ರ ಆಗಸ್ಟ್‌ನ ಮಹಾಮಳೆಯನ್ನು ನಮ್ಮ ಜಿಲ್ಲೆಯವರು ಮರೆತಿರಲಾರರು. ಆಗ ನಾನು ವರ್ಗವಾಗಿ ಬೆಳಗಾವಿಗೆ ಬಂದು ಬಹಳ ವರ್ಷಗಳಾಗಿದ್ದವು, ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ನೆರೆ ಇಳಿದ ಮೇಲೆ ನೀರು ಹೊಕ್ಕು ನಿಂತುಹೋಗಿದ್ದ ನನ್ನ ಸ್ಕೂಟರನ್ನು ನೂಕಿಕೊಂಡು ಒಂದು ಗ್ಯಾರೇಜಿಗೆ ಹೋದೆ. ಕೈಗೆ ಎಣ್ಣೆ ಮೆತ್ತಿದ ನಡುವಯಸ್ಸಿನ ಮನುಷ್ಯ ನನ್ನನ್ನು ನೋಡಿ, ಕೈಯೊರೆಸಿಕೊಂಡು, ಬಾಗಿ ಕಾಲು ಮುಟ್ಟಿದ.

"ಸರ್, ಗುರ್ತ ಸಿಕ್ತೇನ್ರಿ? ಖಾನಾಪುರ. ಕಿಡಕಿ ಮಗ್ಗಲ."

ಚಹಾ ತರಿಸಿದ. ಮಕ್ಕಳ ಓದು, ತಾಯಿಯ ಕಾಲುನೋವು, ಎಲ್ಲ ಹೇಳಿದ. ಕೊನೆಗೆ ತಾನೇ ಆ ಮಾತೆತ್ತಿದ. ಆ ಪುಸ್ತಕವನ್ನು ಆಮೇಲೆ ಕೊಂಡು ಪೂರ್ತಿ ಓದಿದನಂತೆ. "ಭಾಳ ಚಲೋ ಐತ್ರಿ ಸರ್. ನೀವು ಹಾರಿಸಿದ್ದೆಲ್ಲಾ ಓದಿನ್ರಿ" ಎಂದು ನಕ್ಕ. "ಆದ್ರ ಕಡೀದ ನನಗ ಇವತ್ತಿಗೂ ಒಪ್ಪಿಗಿ ಆಗಿಲ್ರಿ."

"ನನಗೂ ಇಲ್ಲಪ್ಪ" ಎಂದೆ. ಆ ಎರಡು ಶಬ್ದಗಳನ್ನು ಹೇಳಲು ನನಗೆ 31 ವರ್ಷ ಹಿಡಿಯಿತು. ಹಾಗೆಯೇ ಮುಂದುವರಿದು, ಅವನ ಕಥೆಗೆ ನಾಲ್ಕು ಅಂಕ ಕೊಟ್ಟದ್ದು ತಪ್ಪಾಯಿತೆಂದೂ, ಅವನ ತಾಯಿ ಬಂದು ಹೇಳಿದ್ದು ನನಗೆ ಗೊತ್ತಿತ್ತೆಂದೂ, ಗೊತ್ತಿದ್ದೂ ನಾನು ಸುಮ್ಮನಿದ್ದೆನೆಂದೂ ಹೇಳಿದೆ.

ಅವನು ಚಹಾದ ಲೋಟವನ್ನು ಕೆಳಗಿಟ್ಟ. "ನಾಕಲ್ರಿ ಸರ್. ನಾಕೂವರಿ ಕೊಟ್ಟಿದ್ರಿ" ಎಂದ.

ಆ ಅರ್ಧ ಅಂಕವನ್ನು ನಾನು ಮರೆತಿದ್ದೆ. ಯಾವುದಕ್ಕಾಗಿ ಕೊಟ್ಟಿದ್ದೆನೋ ಈಗ ಹೇಳಲಾರೆ. ಬಹುಶಃ ಆ ಕೊನೆಯ ವಾಕ್ಯಕ್ಕಾಗಿ ಇರಬಹುದು ಎಂದುಕೊಳ್ಳಲು ಮನಸ್ಸು ಹಂಬಲಿಸುತ್ತದೆ. ಬರವಣಿಗೆ ದುಂಡಗಿತ್ತೆಂಬುದಕ್ಕಾಗಿಯೂ ಇದ್ದೀತು.

"ನಿಮ್ಮ ತಂದೆಯವರ ವಿಷಯ ಮುಂದೆ ಏನಾದರೂ ತಿಳಿಯಿತೇ?" ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ನನ್ನ ಸ್ಕೂಟರಿನ ಕಡೆ ನೋಡಿದ. ಹತ್ತು ಹನ್ನೆರಡು ವರ್ಷಗಳ ಹಿಂದೆ, ಅವನು ಮನೆಯಲ್ಲಿಲ್ಲದ ಒಂದು ಮಧ್ಯಾಹ್ನ, ಲೋಂಡಾದ ಕಡೆಯಿಂದ ಒಬ್ಬ ಮುದುಕ ಅವರ ಮನೆ ಹುಡುಕಿಕೊಂಡು ಬಂದಿದ್ದನಂತೆ. ಒಂದು ಮಾತು ಹೇಳುವುದಿದೆ ಎಂದನಂತೆ. ತಾಯಿ ನೀರು ಕೊಟ್ಟರು, ಚಹಾ ಕೊಟ್ಟರು. ಮಗ ಬರಲೆಂದು ಮುದುಕ ಗಂಟೆಗಟ್ಟಲೆ ಕುಳಿತಿದ್ದ. ಕೊನೆಯ ಬಸ್ಸಿನ ಹೊತ್ತಾಯಿತೆಂದು ಎದ್ದು ಹೋದ. ಮತ್ತೆ ಬರಲಿಲ್ಲ. ಇವನು ಲೋಂಡಾಕ್ಕೆ ಮೂರು ಸಲ ಹೋಗಿ ವಿಚಾರಿಸಿದ, ಅಂಥವನನ್ನು ಬಲ್ಲೆನೆನ್ನುವವರು ಸಿಗಲಿಲ್ಲ.

"ಅವ್ವಗ ಅವನ ಮುಖಾ ನೆನಪ ಐತ್ರಿ" ಎಂದ. "ಹೇಳಾಕಂತ ಬಂದಿದ್ನಲ್ರಿ. ಅಷ್ಟಾದ್ರೂ ಬಂದಾ."

ಸ್ಕೂಟರಿನ ಕೆಲಸಕ್ಕೆ ಅವನು ಹಣ ಮುಟ್ಟಲಿಲ್ಲ. ಇದನ್ನು ಬರೆಯಬಹುದೇ ಎಂದು ಕಳೆದ ವಾರ ಫೋನ್ ಮಾಡಿ ಕೇಳಿದೆ. ಹೆಸರು ಬೇಡ, ಉಳಿದದ್ದು ಬರೆಯಿರಿ ಎಂದ. ತಾಯಿ ಈಗ ಇಲ್ಲ, ಎರಡು ವರ್ಷವಾಯಿತಂತೆ.

ತಂಗಿಯ ಮಗಳು ಈ ಕಥೆಯನ್ನೆಲ್ಲ ಕೇಳಿ, ಒಗೆದ ಪುಸ್ತಕವನ್ನು ಎತ್ತಿ ಕಪಾಟಿನಲ್ಲಿಟ್ಟಳು. ಅದರ ಲೇಖಕನನ್ನು ಕ್ಷಮಿಸಿದಂತೇನೂ ಕಾಣಲಿಲ್ಲ, ಕ್ಷಮಿಸಬೇಕಾಗಿಯೂ ಇಲ್ಲ.

ಖಾನಾಪುರದ 1988ರ ಹತ್ತನೆಯ ಇಯತ್ತೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಆ ಮಳೆಗಾಲದ ನಿಬಂಧದ ನೋಟುಬುಕ್ಕುಗಳು ನಿಮ್ಮ ಮನೆಯ ಅಟ್ಟದಲ್ಲಿ ಇನ್ನೂ ಉಳಿದಿದ್ದರೆ ನನಗೊಮ್ಮೆ ತೋರಿಸಿರಿ. ಕೆಂಪು ಶಾಯಿಯಲ್ಲಿ ಇನ್ನೂ ಏನೇನು ಬರೆದಿದ್ದೆನೋ ನೋಡಬೇಕಾಗಿದೆ. ಹಾಗೆಯೇ ಲೋಂಡಾದ ಕಡೆಯ ಹಿರಿಯರ ಪರಿಚಯ ನಿಮ್ಮಲ್ಲಿ ಯಾರಿಗಾದರೂ ಇದ್ದರೆ, 1987ರ ಮಳೆಗಾಲದಲ್ಲಿ ಮರ ಹೇರುವ ಕೆಲಸದಲ್ಲಿದ್ದವರು ಈಗಲೂ ಬದುಕಿದ್ದರೆ, ಒಮ್ಮೆ ಕೇಳಿ ನೋಡಿರಿ. ಯಾರ ಮೇಲೆ ಆರೋಪ ಹೊರಿಸುವುದಕ್ಕೂ ಅಲ್ಲ. ಅವರು ಕಂಡದ್ದೇನಾದರೂ ಇದ್ದರೆ, ಕೇಳಿಸಿಕೊಳ್ಳುವವನು ಬೆಳಗಾವಿಯಲ್ಲಿ ಇನ್ನೂ ಇದ್ದಾನೆ.